ನಾಟಿಯ ದಿನ 38 ಜನ, ನೀರುಣಿಸುವ ದಿನ 4 ಜನ: ಬಡಾವಣೆಯ ತೋಟವನ್ನು ಉಳಿಸಿಕೊಳ್ಳುವುದು ಹೇಗೆ?

ನವನಗರದ ನಿವೃತ್ತ ಶಿಕ್ಷಕಿ
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಇರುವ ನಮ್ಮ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವೊಂದು ವರ್ಷಗಟ್ಟಲೆ ಪಾರ್ಥೇನಿಯಂ ಮತ್ತು ಕಟ್ಟಡದ ಕಲ್ಲುಮಣ್ಣಿನ ರಾಶಿಯಿಂದ ತುಂಬಿಕೊಂಡಿತ್ತು. ಕಳೆದ ಜೂನ್ ತಿಂಗಳಲ್ಲಿ, ಮೃಗಶಿರಾ ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ, ನಾವು ನಿವಾಸಿಗಳೇ ಸೇರಿ ಅದರ ಒಂದು ಭಾಗವನ್ನು ಹಸನು ಮಾಡಿ, 3 ಮೀಟರ್ ಉದ್ದ 1 ಮೀಟರ್ ಅಗಲದ 40 ಮಡಿಗಳನ್ನು ಕಟ್ಟಿದೆವು. ಮೊದಲ ದಿನ 38 ಜನ ಬಂದಿದ್ದರು. ಉಪ್ಪಿಟ್ಟು ಸಾಲದೆ ಎರಡನೆಯ ಸಲ ಮಾಡಬೇಕಾಯಿತು. ಒಂದು ತಿಂಗಳೊಳಗೆ ಮೆಂತ್ಯೆ ಮತ್ತು ರಾಜಗಿರಿ ಕೈಗೆ ಬಂದವು, ಚವತಿಯ ಹೊತ್ತಿಗೆ ಹೀರೆಕಾಯಿ, ಚವಳಿಕಾಯಿ ಬಂದವು.

ದಸರೆಯವರೆಗೂ ಎಲ್ಲವೂ ಸರಿಯಾಗಿಯೇ ಇತ್ತು. ಈಗ ಫೆಬ್ರುವರಿ ಮುಗಿಯುತ್ತ ಬಂದಿದ್ದು, ದಿನವೂ ಬರುವವರು ನಾಲ್ವರೇ ಉಳಿದಿದ್ದೇವೆ: ನಾನು, ರೈಲ್ವೆಯಿಂದ ನಿವೃತ್ತರಾದ ಒಬ್ಬ ಕಾಕಾ, ಒಬ್ಬ ಆಟೋ ಚಾಲಕರು ಮತ್ತು ಪಿಯುಸಿ ಓದುವ ಒಬ್ಬ ಹುಡುಗಿ. ಹುಡುಗಿಗೆ ಪರೀಕ್ಷೆ ಬಂದಿದೆ, ಅವಳನ್ನೂ ಲೆಕ್ಕದಿಂದ ತೆಗೆಯಬೇಕು. ಬೋರ್‌ನಲ್ಲಿ ನೀರು ಇಳಿದಿದೆ, ನಳ ಬರುವ ದಿನ ನಿಶ್ಚಯವಿಲ್ಲ.

ಇನ್ನೊಂದು ತೊಂದರೆಯೂ ಇದೆ. ನಾವು ಬರುವ ಮೊದಲೇ, ನಸುಕಿನಲ್ಲಿ, ಒಂದು ದಿನವೂ ಸಲಿಕೆ ಹಿಡಿಯದವರು ಬಂದು ಪಲ್ಯ ಕಿತ್ತುಕೊಂಡು ಹೋಗುತ್ತಿದ್ದಾರೆ. ಕೇಳಿದರೆ, "ಏನ್ರೀ ಅಕ್ಕಾರ, ಸಾರ್ವಜನಿಕ ಜಾಗಾ ಐತಿ, ಎರಡು ಸೂಡು ಮೆಂತ್ಯೆ ಕಿತ್ರ ನಿಮ್ಮ ಗಂಟೇನ ಹೋಗತೈತಿ?" ಎಂಬ ಉತ್ತರ ಬರುತ್ತದೆ. ಬಿಟ್ಟುಹೋದವರನ್ನು ಮರಳಿ ಕರೆತರುವುದು ಹೇಗೆ? "ದುಡಿದವರಿಗೆ ಮಾತ್ರ ಪಲ್ಯ" ಎಂದು ಫಲಕ ಹಾಕಿದರೆ ತಪ್ಪಾಗುತ್ತದೆಯೇ? ಇಂಥ ತೋಟಗಳಲ್ಲಿ ದುಡಿದ ಅನುಭವವಿರುವವರು ತಿಳಿಸಬೇಕೆಂದು ಕೋರುತ್ತೇನೆ.

ಕೇಶ್ವಾಪುರದವ
ಫೋಟೊ ತೆಗೆಯುವುದು ನಿಂತ ವಾರವೇ ಜನ ಬರುವುದೂ ನಿಂತಿರಬೇಕು, ನಿಮ್ಮ ಗುಂಪಿನ ಹಳೆಯ ಸಂದೇಶಗಳನ್ನು ತಿರುವಿ ನೋಡಿರಿ.

ಸಾಧನಕೇರಿ ದಂಡೆ
ಕೇಶ್ವಾಪುರದವರು ನಗುತ್ತ ಹೇಳಿದ್ದರೂ ಅದರಲ್ಲಿ ಸತ್ಯವಿದೆ. ಕೆ.ಎಂ. ಮುನ್ಶಿಯವರು ಕೇಂದ್ರ ಸಚಿವರಾಗಿದ್ದಾಗ 1950ರಲ್ಲಿ ವನಮಹೋತ್ಸವವನ್ನು ಆರಂಭಿಸಿದರು. ಅಂದಿನಿಂದ ಜುಲೈ ಮೊದಲ ವಾರ ಸಸಿ ನೆಡುವುದು ನಮ್ಮಲ್ಲಿ ಹಬ್ಬವಾಗಿದೆ, ಆಮೇಲೆ ಜೂನ್ 5ರ ಪರಿಸರ ದಿನವೂ ಸೇರಿಕೊಂಡಿತು. ನೆಡುವುದಕ್ಕೆ ಎರಡು ಹಬ್ಬಗಳಿವೆ, ಮಾರ್ಚ್‌ನಲ್ಲಿ ನೀರು ಹಾಕುವುದಕ್ಕೆ ಒಂದೂ ಇಲ್ಲ. ನಾನು ಎರಡು ಕಡೆ ಸಸಿ ನೆಡುವ ಕಾರ್ಯಕ್ರಮಗಳಲ್ಲಿ ದುಡಿದಿದ್ದೇನೆ. ಮರುವರ್ಷ ಅದೇ ಗುಂಡಿಯಲ್ಲಿ ಹೊಸ ಸಸಿ ನೆಟ್ಟದ್ದನ್ನೂ ನನ್ನ ಕಣ್ಣಿನಿಂದಲೇ ನೋಡಿದ್ದೇನೆ.

ನವನಗರದ ನಿವೃತ್ತ ಶಿಕ್ಷಕಿ
ನಮ್ಮವರ ಬಗ್ಗೆ ಅಷ್ಟು ಕಟುವಾಗಿ ಹೇಳಲು ನನಗೆ ಮನಸ್ಸಿಲ್ಲ. ಆಗಸ್ಟ್‌ನಲ್ಲಿ ವಾರವಿಡೀ ಜಡಿಮಳೆ ಹಿಡಿದಾಗ ಮಡಿಗಳಲ್ಲಿ ನಿಂತ ನೀರನ್ನು ಹೊರಹಾಕಲು ರಾತ್ರಿ ಬ್ಯಾಟರಿ ಹಿಡಿದು ಬಂದವರೂ ಇದೇ ಜನ.

ಎರೆಹೊಲದವ, ಗದಗ
ಅಕ್ಕನವರೇ, ನನ್ನದೊಂದು ಪ್ರಶ್ನೆ. ಫೆಬ್ರುವರಿಯಲ್ಲಿ 40 ಮಡಿಗಳನ್ನು ಹಸಿರಾಗಿ ಇಡಬೇಕೆಂದು ನಿಮಗೆ ಹೇಳಿದವರು ಯಾರು? ನಮ್ಮ ಕಡೆ ಹಿಂಗಾರಿ ಜೋಳ, ಕಡಲೆ ಮತ್ತು ಕುಸುಬಿಯ ರಾಶಿ ಮುಗಿದ ಮೇಲೆ ಒಣಬೇಸಾಯದ ಹೊಲವನ್ನು ಯಾರೂ ನೀರು ಹೊತ್ತು ಬದುಕಿಸುವುದಿಲ್ಲ. ಮಾಗಿ ಉಳುಮೆ ಮಾಡಿ, ಬಿಸಿಲಿಗೆ ಮಣ್ಣು ಕಾಯಲಿ ಎಂದು ಬಿಡುತ್ತೇವೆ. ಎರೆ ಮಣ್ಣು ಬಿರುಕು ಬಿಡುತ್ತದೆ, ಹುಳುಗಳ ಕೋಶಗಳು ಮೇಲೆ ಬಂದು ಹಕ್ಕಿಗಳ ಪಾಲಾಗುತ್ತವೆ, ಮುಂಗಾರು ಬಂದಾಗ ಆ ಬಿರುಕುಗಳೇ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ನೆಲಕ್ಕೂ ಆಳಿಗೂ ಒಟ್ಟಿಗೇ ವಿಶ್ರಾಂತಿ ಸಿಗುತ್ತದೆ. ನಿಮ್ಮ ಜನ ಸೋಮಾರಿಗಳಾದರು ಎಂದು ನನಗೆ ಅನ್ನಿಸುವುದಿಲ್ಲ. ಒಕ್ಕಲುತನದ ಮನೆಯಲ್ಲಿ ಹುಟ್ಟಿದವರು ಯಾರೇ ಆಗಲಿ, ಈ ತಿಂಗಳಲ್ಲಿ ಕೆಲಸ ಕಡಿಮೆ ಇರಬೇಕೆಂದು ನಿರೀಕ್ಷಿಸುತ್ತಾರೆ.

ಸಾಧನಕೇರಿ ದಂಡೆ
ಹೊಲದ ನ್ಯಾಯವನ್ನು ತೋಟಕ್ಕೆ ಹಚ್ಚಿದರೆ ಹೇಗೆ? ಮೂರು ತಿಂಗಳು ಬೋಳಾಗಿ ಬಿಟ್ಟ ಜಾಗದಲ್ಲಿ ನಮ್ಮ ಊರಿನಲ್ಲಿ ಏನು ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿದೆ. ಮೊದಲ ವಾರ ಯಾರೋ ಕಾರು ನಿಲ್ಲಿಸುತ್ತಾರೆ, ಎರಡನೆಯ ವಾರ ಮನೆ ಕಟ್ಟುವವರು ಉಸುಕು ಸುರಿಯುತ್ತಾರೆ, ಮೂರನೆಯ ವಾರ ಕಸದ ರಾಶಿ ಬೀಳುತ್ತದೆ. ಹಸಿರು ಕಾಣುತ್ತಿರುವುದೇ ಆ ಜಾಗದ ಬೇಲಿ.

ಎರೆಹೊಲದವ, ಗದಗ
ಅದು ಒಪ್ಪತಕ್ಕ ಮಾತು. ಹಾಗಾದರೆ ಪೂರ್ತಿ ಬಿಡುವುದು ಬೇಡ, ಕಡಿಮೆ ಮಾಡಲಿ.

ಲೆಕ್ಕ ಬಿಡದವ
ಎಷ್ಟು ಕಡಿಮೆ ಮಾಡಬೇಕು ಎಂಬುದನ್ನು ನೀರೇ ಹೇಳುತ್ತದೆ. 40 ಮಡಿಗಳೆಂದರೆ 120 ಚದರ ಮೀಟರ್. ನಮ್ಮ ಬಿಸಿಲಿಗೆ ತಪ್ಪಲು ಪಲ್ಯಕ್ಕೆ, ಅಂದರೆ ಸೊಪ್ಪಿಗೆ, ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ಎಂದು ಹಿಡಿದರೆ 600 ಲೀಟರ್ ಆಯಿತು, ಅಂದರೆ 15 ಲೀಟರಿನ 40 ಕೊಡಗಳು. ನಾಲ್ಕು ಜನರಿಗೆ ಹಂಚಿದರೆ ಒಬ್ಬೊಬ್ಬರಿಗೆ ಹತ್ತು ಕೊಡ, ಅದರಲ್ಲಿ ಇಬ್ಬರು ಅರವತ್ತು ದಾಟಿದವರು! 12 ಮಡಿಗಳಿಗೆ ಇಳಿಸಿದರೆ 180 ಲೀಟರ್, 12 ಕೊಡಗಳು ಸಾಕು. ಮಡಿಗಳ ಮೇಲೆ ಒಣ ಎಲೆಯ ಹೊದಿಕೆ ಹಾಕಿದರೆ ಅದಕ್ಕಿಂತಲೂ ಕಡಿಮೆಯಾಗುತ್ತದೆ. ಈಗ ಹೊಂಗೆ ಮತ್ತು ಬೇವಿನ ಎಲೆ ಉದುರುವ ಕಾಲ. ರಸ್ತೆಯ ಬದಿಗೆ ಗುಡಿಸಿ ಬೆಂಕಿ ಹಚ್ಚುವ ಮೊದಲು ಎರಡು ಚೀಲ ತುಂಬಿಕೊಂಡು ಬಂದರೆ ಹೊದಿಕೆಗೆ ಖರ್ಚಿಲ್ಲ.

ಗೋಕುಲ ರಸ್ತೆ
ಮಳೆನೀರು ಸಂಗ್ರಹಿಸಬಾರದೇಕೆ? ಧಾರವಾಡದಲ್ಲಿ ವರ್ಷಕ್ಕೆ ಸರಾಸರಿ 700 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಪಕ್ಕದ ಮನೆಯ ಮಾಳಿಗೆಯಿಂದ ಒಂದು ಪೈಪು ಹಾಕಿದರೆ ಕೆಲಸ ಮುಗಿಯಿತಲ್ಲ.

ಲೆಕ್ಕ ಬಿಡದವ
ಮುಗಿಯುವುದಿಲ್ಲ. 100 ಚದರ ಮೀಟರ್ ಮಾಳಿಗೆಯ ಮೇಲೆ 750 ಮಿಲಿಮೀಟರ್ ಬಿದ್ದು, ಅದರ ಶೇಕಡಾ 80ರಷ್ಟು ಸಿಕ್ಕರೆ 60,000 ಲೀಟರ್ ಆಗುತ್ತದೆ ಎಂಬುದು ನಿಜ. ಆದರೆ ಅದು ಬೀಳುವುದು ಮಳೆಗಾಲದಲ್ಲಿ, ನಿಮಗೆ ಬೇಕಾಗಿರುವುದು ಏಪ್ರಿಲ್‌ನಲ್ಲಿ. ಅಷ್ಟು ನೀರನ್ನು ಇಡಲು 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಆಳದ ತೊಟ್ಟಿ ಬೇಕು. ತೊಟ್ಟಿ ಕಟ್ಟಿದ ಮೇಲೆ ತೋಟಕ್ಕೆ ಜಾಗ ಎಷ್ಟು ಉಳಿಯಿತು ಎಂದು ಮತ್ತೊಂದು ಲೆಕ್ಕ ಹಾಕಬೇಕಾಗುತ್ತದೆ.

ಉಣಕಲ್ಲದ ಓದುಗ
ಬಡಾವಣೆಯ ಹಿಂದೆ ನಾಲೆ ಇರುತ್ತದೆಯಲ್ಲ, ಅದಕ್ಕೆ ಒಂದು ಪಂಪು ಹಚ್ಚಬಹುದು. ಹುಬ್ಬಳ್ಳಿ ಮತ್ತು ಧಾರವಾಡದ ಹೊರವಲಯದ ರೈತರು ಎಷ್ಟೋ ವರ್ಷಗಳಿಂದ ಚರಂಡಿ ನೀರಿನಲ್ಲಿಯೇ ಕಾಯಿಪಲ್ಯ ಬೆಳೆಯುತ್ತಿದ್ದಾರೆ, ಬೆಳೆಯೂ ಚೆನ್ನಾಗಿಯೇ ಬರುತ್ತದೆ.

ಮಾಳಮಡ್ಡಿಯ ಗೃಹಿಣಿ
ದಯವಿಟ್ಟು ಆ ಕೆಲಸ ಮಾಡಬೇಡಿರಿ. ಬೆಳೆ ಚೆನ್ನಾಗಿ ಬರುವುದು ಅದರಲ್ಲಿರುವ ಸಾರಜನಕದಿಂದ. ಆದರೆ ಅದೇ ನೀರಿನಲ್ಲಿ ಜಂತುಹುಳುಗಳ ಮೊಟ್ಟೆಗಳೂ ಕಾಯಿಲೆಯ ಸೂಕ್ಷ್ಮಾಣುಗಳೂ ಇರುತ್ತವೆ, ಸಣ್ಣ ಕಾರ್ಖಾನೆಗಳ ನೀರು ಸೇರಿದ್ದರೆ ಇನ್ನೂ ಏನೇನೋ ಇರುತ್ತದೆ. ಮೊದಲು ತೊಂದರೆಯಾಗುವುದು ಬರಿಗಾಲಿನಲ್ಲಿ ಮಡಿಗಳ ನಡುವೆ ಓಡಾಡುವ ಸ್ವಯಂಸೇವಕರಿಗೆ. ಕೊತ್ತಂಬರಿಯನ್ನೂ ಮೂಲಂಗಿಯ ಎಳೆ ತಪ್ಪಲನ್ನೂ ನಾವು ಹಸಿಯಾಗಿಯೇ ತಿನ್ನುತ್ತೇವೆ ಎಂಬುದನ್ನು ಮರೆಯಬಾರದು. ಅಕ್ಕಿ, ಬೇಳೆ ಮತ್ತು ಕಾಯಿಪಲ್ಯ ತೊಳೆದ ನೀರನ್ನು ಹತ್ತು ಮನೆಯವರು ಒಂದೊಂದು ಬಕೀಟು ತಂದು ಹಾಕಿದರೆ ನೂರು ಲೀಟರ್ ಮೀರುತ್ತದೆ. ತೋಟಕ್ಕೆ ಬಂದು ಬಗ್ಗಿ ಕಳೆ ತೆಗೆಯಲು ಆಗದವರೂ ಈ ಕೆಲಸವನ್ನು ಮಾಡಬಲ್ಲರು. ನಳದ ನೀರಿನ ಬಗ್ಗೆಯೂ ಒಂದು ಮಾತು ಹೇಳಬೇಕು: ನವಿಲುತೀರ್ಥದ ಅಣೆಕಟ್ಟಿನಿಂದ ಎತ್ತಿ, ಶುದ್ಧ ಮಾಡಿ ತಂದ ಮಲಪ್ರಭೆಯ ನೀರು ಅದು, ಅದನ್ನು ಮೆಂತ್ಯೆಗೆ ಸುರಿಯಲು ನನಗಂತೂ ಕೈ ಬರುವುದಿಲ್ಲ.

ಹಾವೇರಿ ಮೆಣಸಿನಕಾಯಿ
ಹೀರೆ, ಸವತಿ, ಕುಂಬಳದಂಥ ಬಳ್ಳಿಗಳಿದ್ದರೆ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂತು, ಸುತ್ತಲೂ ನಾಲ್ಕು ಬೀಜ ಊರಿರಿ. ಗಡಿಗೆಯನ್ನು ತುಂಬಿ ಬಾಯಿ ಮುಚ್ಚಿದರೆ ನೀರು ಒಸರುತ್ತ, ನೆಲ ಒಣಗಿದಂತೆಲ್ಲ ಬೇರಿಗೆ ಸಿಗುತ್ತದೆ, ಎರಡು ಮೂರು ದಿನಕ್ಕೊಮ್ಮೆ ತುಂಬಿದರೆ ಸಾಕು. ಎಣ್ಣೆ ಇಳಿದ ಹಳೆಯ ಗಡಿಗೆಗಳನ್ನೂ ಬಣ್ಣ ಬಳಿದವುಗಳನ್ನೂ ತರಬೇಡಿರಿ, ಅವು ಒಸರುವುದಿಲ್ಲ. ಚೆಲ್ಲಿ ಬಿತ್ತುವ ತಪ್ಪಲು ಪಲ್ಯಕ್ಕೆ ಇದು ಉಪಯೋಗವಿಲ್ಲ. ನಿಮ್ಮದು ಅಪ್ಪಟ ಎರೆ ಮಣ್ಣಾಗಿದ್ದರೂ ಎಚ್ಚರಿಕೆ ಬೇಕು, ನೆಲ ಬಿರಿದಾಗ ಗಡಿಗೆಯೂ ಸೀಳುತ್ತದೆ. ನಾನು ಆರು ಗಡಿಗೆ ಹೂತು ಎರಡನ್ನು ಹೀಗೆ ಕಳೆದುಕೊಂಡಿದ್ದೇನೆ.

ನವನಗರದ ನಿವೃತ್ತ ಶಿಕ್ಷಕಿ
ನಮ್ಮದು ಮಸಾರಿ, ಅಂದರೆ ಕೆಂಪು ಮಣ್ಣು, ಅದರಲ್ಲಿ ಇಟ್ಟಿಗೆಯ ಚೂರುಗಳೂ ಸೇರಿಕೊಂಡಿವೆ. ನೀರಿನ ಲೆಕ್ಕವನ್ನು ಕಾಕಾ ಅವರಿಗೆ ಓದಿ ಹೇಳಿದೆ. "ನಾನು ನಿತ್ಯ ಹದಿನಾಲ್ಕು ಕೊಡ ಹೊರತೀನಿ, ಯಾರಿಗೂ ಹೇಳಿಲ್ಲ" ಎಂದರು. ಆದರೆ ಫಲಕದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ವಕೀಲ ಕಾಕಾ
ಉತ್ತರಿಸುತ್ತೇನೆ, ನಿಮಗೆ ರುಚಿಸದಿರಬಹುದು. ಬಡಾವಣೆಯ ನಕ್ಷೆಯಲ್ಲಿ ಉದ್ಯಾನವೆಂದು ತೋರಿಸಿದ ಜಾಗ ಎಲ್ಲರದು. ಅಂಥ ಜಾಗಗಳನ್ನು ಕಾಪಾಡಲೆಂದೇ ನಮ್ಮ ರಾಜ್ಯದಲ್ಲಿ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾನೂನು ಇದೆ. ಬೆಂಗಳೂರಿನಲ್ಲಿ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದನ್ನು ಸುಪ್ರೀಂ ಕೋರ್ಟ್ 1991ರಲ್ಲಿ ಒಪ್ಪಲಿಲ್ಲ. ಆಸ್ಪತ್ರೆಯಂಥ ಒಳ್ಳೆಯ ಕೆಲಸಕ್ಕೂ ಸಿಗದ ಜಾಗ ನಾಲ್ಕು ಜನರ ಮೆಂತ್ಯೆಗೆ ಸಿಗುತ್ತದೆಯೇ ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ತೋಟ ಮಾಡಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಪಾಲಿಕೆಗೆ ಲಿಖಿತ ಅರ್ಜಿ ಕೊಟ್ಟು, ನಿರ್ವಹಣೆಗೆ ಒಪ್ಪಿಗೆ ಪಡೆದುಕೊಳ್ಳಿರಿ, ಬೀಗ ಹಾಕಬೇಡಿರಿ. "ದುಡಿದವರಿಗೆ ಮಾತ್ರ" ಎಂಬ ಫಲಕ ಆ ಜಾಗದ ಮೇಲೆ ನಿಮಗಿಲ್ಲದ ಹಕ್ಕನ್ನು ಸಾರುತ್ತದೆ. ನಾಳೆ ಜಗಳವಾದರೆ ಆ ಫಲಕದ ಫೋಟೊವೇ ನಿಮ್ಮ ವಿರುದ್ಧದ ಸಾಕ್ಷಿಯಾಗುತ್ತದೆ.

ಕೇಶ್ವಾಪುರದವ
ಹಾಗಾದರೆ ನಮ್ಮ ಓಣಿಯಲ್ಲಿ ನಸುಕಿಗೆ ಬಂದು, ಕಂಪೌಂಡಿನ ಹೊರಗೆ ಚಾಚಿದ ದಾಸವಾಳವನ್ನೆಲ್ಲ ದೇವರಿಗೆಂದು ಕೀಳುವವರು ಕಾನೂನನ್ನು ನಿಮಗಿಂತ ಮೊದಲೇ ಓದಿಕೊಂಡಿರಬೇಕು.

ಮಾಳಮಡ್ಡಿಯ ಗೃಹಿಣಿ
ಅವರು ಕೋಲಿಗೆ ಕೊಕ್ಕೆ ಕಟ್ಟಿಕೊಂಡು ಕಂಪೌಂಡಿನ ಒಳಗಿನ ಹೂವನ್ನೂ ಕೀಳುತ್ತಾರೆ, ಅದು ಯಾವ ಕಾನೂನು ಎಂದು ವಕೀಲರು ತಿಳಿಸಬೇಕು. ತಮಾಷೆ ಹಾಗಿರಲಿ, ನಾವು ಒಂದು ಉಪಾಯ ಮಾಡಿದ್ದೆವು. ರಸ್ತೆಯ ಬದಿಯ ಅಂಚಿನಲ್ಲಿ ಕರಿಬೇವು, ನುಗ್ಗೆ ಮತ್ತು ಪುಂಡಿಯನ್ನು ಹಚ್ಚಿ, "ಇದು ಎಲ್ಲರಿಗೂ" ಎಂದು ಬರೆದೆವು. ಕೀಳುವವರು ಅಲ್ಲಿಯೇ ನಿಂತರು, ಒಳಗಿನ ಮಡಿಗಳಿಗೆ ಬರುವುದು ಬಹಳ ಕಡಿಮೆಯಾಯಿತು. ಪುಂಡಿಯ ತುದಿ ಚಿವುಟಿದಷ್ಟೂ ಹೊಸ ಚಿಗುರು ಬರುತ್ತದೆ, ಆದುದರಿಂದ ಅವರು ಕಿತ್ತಿದ್ದರಿಂದ ನಮಗೆ ನಷ್ಟವೂ ಆಗಲಿಲ್ಲ. ಮೆಂತ್ಯೆಯನ್ನು ಬೇರುಸಹಿತ ಕೀಳುತ್ತಾರೆ, ಅದು ಒಮ್ಮೆ ಹೋದರೆ ಹೋಯಿತು. ಅದನ್ನು ಎಂದೂ ಅಂಚಿನಲ್ಲಿ ಬಿತ್ತಬಾರದು.

ಸಪ್ತಾಪುರದ ವಿದ್ಯಾರ್ಥಿ
ಕಾಲೇಜುಗಳ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಸ್ವಯಂಸೇವಕರನ್ನು ಕೇಳಿ ನೋಡಿರಿ. ನಮಗೆ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆಗಳ ಸೇವೆ ಇರುತ್ತದೆ. ಆದರೆ ಒಂದು ವಿನಂತಿ: ನಮ್ಮನ್ನು ಐವತ್ತು ಜನರನ್ನು ಒಂದೇ ದಿನ ಕರೆಯಬೇಡಿರಿ. ಕಳೆದ ವರ್ಷ ಒಂದು ಕಡೆ ಹಾಗೆಯೇ ಕರೆದರು. ಸಲಿಕೆ ಇದ್ದದ್ದು ಏಳು, ಉಳಿದವರೆಲ್ಲ ನೆರಳಿನಲ್ಲಿ ನಿಂತು ಗಂಟೆಗಳನ್ನು ಬರೆಸಿಕೊಂಡು ಬಂದೆವು. ಇಬ್ಬಿಬ್ಬರಂತೆ ವಾರಕ್ಕೆ ಒಂದು ಸಂಜೆ ಎಂದು ಹಂಚಿದರೆ ನಿಜವಾಗಿಯೂ ಕೆಲಸವಾಗುತ್ತದೆ. ಪಾಲಕಕ್ಕೂ ರಾಜಗಿರಿಗೂ ವ್ಯತ್ಯಾಸ ತಿಳಿಯದೆ ಕಳೆಯೆಂದು ರಾಜಗಿರಿಯನ್ನೇ ಕಿತ್ತ ಗೆಳೆಯನೊಬ್ಬ ನನಗಿದ್ದಾನೆ, ಆದ್ದರಿಂದ ಮೊದಲ ದಿನ ಯಾರಾದರೂ ಜೊತೆಗೆ ನಿಂತು ತೋರಿಸಬೇಕು.

ಗೋಕುಲ ರಸ್ತೆ
ಮಡಿಗಳನ್ನು ಮನೆಗೊಂದರಂತೆ ಹಂಚಿಬಿಡುವುದೇ ಒಳ್ಳೆಯದು. ನಿಮ್ಮ ಮಡಿ, ನಿಮ್ಮ ನೀರು, ನಿಮ್ಮ ಪಲ್ಯ ಎಂದರೆ ಯಾರೂ ತಪ್ಪಿಸುವುದಿಲ್ಲ.

ಮಾಳಮಡ್ಡಿಯ ಗೃಹಿಣಿ
ತಪ್ಪಿಸುತ್ತಾರೆ, ನಮ್ಮಲ್ಲಿ ಹಾಗೆ ಹಂಚಿಯೇ ಕೆಟ್ಟೆವು. ಒಂದು ಮನೆಯವರು ರಜೆಗೆ ಊರಿಗೆ ಹೋದರು. ಅವರ ಮಡಿಯಲ್ಲಿ ಪಾರ್ಥೇನಿಯಂ ಎದ್ದು ತಿಂಗಳೊಳಗೆ ಹೂ ಬಿಟ್ಟಿತು. ಒಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ, ಬೀಜಕ್ಕೆ ಯಾರ ಮಡಿ ಯಾರದು ಎಂಬುದು ಗೊತ್ತಿರುವುದಿಲ್ಲ. ಬೆಂಡಿಗೆ ಹಳದಿ ನಂಜು ಹತ್ತಿದಾಗಲೂ ಹೀಗೆಯೇ ಆಯಿತು. ಒಬ್ಬರು ರೋಗದ ಗಿಡ ಕಿತ್ತರು, ಇನ್ನೊಬ್ಬರು "ಇನ್ನೂ ನಾಲ್ಕು ಕಾಯಿ ಬರುತ್ತವೆ" ಎಂದು ಬಿಟ್ಟರು, ಬಿಳಿನೊಣ ಎಲ್ಲರ ಮಡಿಗೂ ಹಂಚಿತು.

ಅದೇ ಬಡಾವಣೆಯವನು
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಆ 38 ಜನರಲ್ಲಿ ನಾನೂ ಒಬ್ಬ, ಟೀಚರ್ ಅವರಿಗೆ ನಾನು ಯಾರೆಂದು ತಿಳಿದೀತು. ಯಾಕೆ ಬಿಟ್ಟೆವು ಎಂದು ಇಲ್ಲಿಯ ಎಲ್ಲರೂ ಊಹಿಸುತ್ತಿದ್ದಾರೆ, ಬಿಟ್ಟವರನ್ನು ಯಾರೂ ಕೇಳಿಲ್ಲ. ನನ್ನ ಹೆಂಡತಿ ಮೊದಲ ವಾರ ಬರಿಗೈಯಿಂದ ಪಾರ್ಥೇನಿಯಂ ಕಿತ್ತು, ಮೊಣಕೈಯವರೆಗೆ ತುರಿಕೆ ಎದ್ದು ಹದಿನೈದು ದಿನ ಮುಲಾಮು ಹಚ್ಚಿದಳು. ಕೈಗವಸು ತರಬೇಕೆಂದು ಯಾರೂ ಹೇಳಿರಲಿಲ್ಲ. ನಾನು ಹಟ್ಟಿಯಿಂದ ಒಂದು ಚೀಲ ಗೊಬ್ಬರ ತಂದು ಎರಡು ಮಡಿಗೆ ಹಕ್ಕರಕಿ ಸೊಪ್ಪು ಬಿತ್ತಿದ್ದೆ. ಮುಂದಿನ ಭಾನುವಾರ ಬಂದಾಗ ಅಲ್ಲಿ ಪಾಲಕದ ಸಾಲು ಎದ್ದಿತ್ತು. ಕೇಳಿದ್ದಕ್ಕೆ "ಯೋಜನೆಯ ಪ್ರಕಾರ ಅದು ಪಾಲಕದ ಮಡಿ" ಎಂದಿರಿ. ರಾತ್ರಿ ಹತ್ತು ಗಂಟೆಗೆ ಗುಂಪಿನಲ್ಲಿ ನಾಳೆ ಯಾರು ಯಾರು ಏನೇನು ಮಾಡಬೇಕು ಎಂಬ ಪಟ್ಟಿ ಬರುತ್ತಿತ್ತು. ನಾನು ಹಗಲೆಲ್ಲ ಒಬ್ಬ ಮೇಲಧಿಕಾರಿಯ ಕೈಕೆಳಗೆ ದುಡಿಯುತ್ತೇನೆ, ಭಾನುವಾರವೂ ಒಬ್ಬರು ಬೇಕೆನ್ನಿಸಲಿಲ್ಲ. ನಿಮ್ಮ ಮೇಲೆ ಸಿಟ್ಟಿಲ್ಲ, ಕೇಳಿದ್ದೀರಿ ಎಂದು ಹೇಳಿದೆ.

ಕೇಶ್ವಾಪುರದವ
ಫೋಟೊದ ಬಗ್ಗೆ ನಾನು ಆಡಿದ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ವಕೀಲ ಕಾಕಾ
ಇಂಥ ಸಾಕ್ಷಿ ಮೊದಲೇ ಬಂದಿದ್ದರೆ ಅರ್ಧ ವಾದ ತಪ್ಪುತ್ತಿತ್ತು.

ಸಾಧನಕೇರಿ ದಂಡೆ
ಆದರೂ ಒಂದು ಮಾತು. ಪಟ್ಟಿ ಮಾಡುವವರು ಯಾರೂ ಇಲ್ಲದಿದ್ದರೆ ಹೀರೆಯ ಬಳ್ಳಿಗೆ ಹಂದರ ಹಾಕುವವರು ಯಾರು? ಎಲ್ಲರೂ ತಮಗೆ ಇಷ್ಟವಾದುದನ್ನೇ ಬಿತ್ತಿದರೆ 40 ಮಡಿಗಳಲ್ಲಿಯೂ ಕೊತ್ತಂಬರಿಯೇ ಇರುತ್ತದೆ. ಟೀಚರ್ ಪಟ್ಟಿ ಹಾಕದಿದ್ದರೆ ತೋಟ ದಸರೆಯವರೆಗೂ ಬಾಳುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ.

ಅದೇ ಬಡಾವಣೆಯವನು
ಪಟ್ಟಿ ಬೇಡವೆಂದು ನಾನು ಹೇಳಲಿಲ್ಲ. ಪಟ್ಟಿ ಮಾಡುವಾಗ ನಮ್ಮನ್ನೂ ಕರೆಯಬೇಕಿತ್ತು ಎಂದೆ.

ನವನಗರದ ನಿವೃತ್ತ ಶಿಕ್ಷಕಿ
ನಿನ್ನೆಯಿಂದ ಏನು ಬರೆಯಬೇಕೆಂದು ತೋಚಲಿಲ್ಲ. ಪಾಲಕದ ಮಡಿಯ ಸಂಗತಿ ನಿಜ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತರಗತಿಯಲ್ಲಿ ನಿಂತವಳಿಗೆ ವೇಳಾಪಟ್ಟಿ ಬರೆಯದೆ ಕೆಲಸ ಸಾಗುತ್ತದೆ ಎಂದು ನಂಬುವುದು ಕಷ್ಟ. ಹಕ್ಕರಕಿ ಮೊಳೆತಿತ್ತೋ ಇಲ್ಲವೋ ಎಂದು ನಾನು ನೋಡಲೂ ಇಲ್ಲ, ಕಳೆಯೆಂದು ತಿಳಿದು ಕಿತ್ತಿರಬಹುದು. ನಿಮ್ಮ ಮನೆಯವರಿಗೆ ಆದ ತುರಿಕೆಯ ವಿಷಯ ನನಗೆ ತಿಳಿದೇ ಇರಲಿಲ್ಲ, ಅವರ ಬಳಿ ನಾನೇ ಬಂದು ಮಾತನಾಡುತ್ತೇನೆ.

ಇಂದು ಸಂಜೆ ನಾವು ನಾಲ್ವರೂ ಕುಳಿತು ಹೀಗೆ ಯೋಚಿಸಿದ್ದೇವೆ. ಮಳೆ ಬರುವವರೆಗೆ 12 ಮಡಿಗಳನ್ನು ಮಾತ್ರ ಇಟ್ಟುಕೊಂಡು, ಉಳಿದ 28ನ್ನು ಅಗೆದು, ಒಣ ಎಲೆ ಮತ್ತು ಸಗಣಿ ಗೊಬ್ಬರ ಹರಡಿ ಬಿಡುತ್ತೇವೆ. ಸಾಧನಕೇರಿಯವರ ಭಯ ನಮಗೂ ಇರುವುದರಿಂದ ಆ 28 ಮಡಿಗಳನ್ನು ರಸ್ತೆಯ ಬದಿಗೆ ಬರದಂತೆ ಹಿಂದಿನ ಭಾಗದಲ್ಲಿಯೇ ಬಿಡುತ್ತೇವೆ. ಕಾಕಾ ಇನ್ನು ಮುಂದೆ ನಾಲ್ಕು ಕೊಡಕ್ಕಿಂತ ಹೆಚ್ಚು ಹೊರಬಾರದೆಂದು ಆಟೋದವರು ತಾಕೀತು ಮಾಡಿದ್ದಾರೆ, ಅವರು ಒಪ್ಪಿದಂತೆ ಕಾಣಲಿಲ್ಲ. ಪಾಲಿಕೆಗೆ ಕೊಡುವ ಅರ್ಜಿಯನ್ನು ವಕೀಲರು ಒಮ್ಮೆ ತಿದ್ದಿಕೊಟ್ಟರೆ ಉಪಕಾರವಾಗುತ್ತದೆ. ಮೇ ಕೊನೆಯ ಭಾನುವಾರ, ಮುಂಗಾರಿನಲ್ಲಿ ಯಾವ ಮಡಿಗೆ ಏನು ಎಂಬುದನ್ನು ಬಂದವರೆಲ್ಲ ಕುಳಿತು ನಿರ್ಧರಿಸೋಣ, ಪಟ್ಟಿಯನ್ನು ಬೇರೆ ಯಾರಾದರೂ ಬರೆಯಲಿ.

ಎರೆಹೊಲದವ, ಗದಗ
ಅಗೆಯುವ ಮೊದಲು ಆ ಮಡಿಗಳಿಗೆ ಒಮ್ಮೆ ನೀರು ಬಿಡಿರಿ, ಕಳೆಯ ಬೀಜಗಳು ಮೊಳೆಯುತ್ತವೆ. ಹೂ ಬಿಡುವ ಮೊದಲೇ ಮಗುಚಿ ಹಾಕಿದರೆ ಜೂನ್ ತಿಂಗಳಲ್ಲಿ ಅರ್ಧ ಕೆಲಸ ಕಡಿಮೆಯಾಗುತ್ತದೆ. ಪಾರ್ಥೇನಿಯಂ ಹೂವಾಗದಿದ್ದರೆ ಅದೂ ಗೊಬ್ಬರವೇ, ಆದರೆ ಕೈಗವಸು ಮರೆಯಬೇಡಿರಿ.

ವಕೀಲ ಕಾಕಾ
ಅರ್ಜಿಯನ್ನು ಕಳುಹಿಸಿರಿ, ಶುಲ್ಕವಾಗಿ ಒಂದು ಸೂಡು ರಾಜಗಿರಿ ಸಾಕು.

ಅದೇ ಬಡಾವಣೆಯವನು
ಭಾನುವಾರ ಬರುತ್ತೇನೆ. ಹಕ್ಕರಕಿಗೆ ಇದು ಕಾಲವಲ್ಲ, ಪುಂಡಿಯ ಬೀಜ ತರುತ್ತೇನೆ. ಅಂಚಿನ ಮಡಿಗೆ ಅದನ್ನೇ ಹಾಕೋಣ ಎಂಬುದು ನನ್ನ ಸೂಚನೆ, ಪಟ್ಟಿಯಲ್ಲಿ ಬೇರೆ ಏನಾದರೂ ಇದ್ದರೆ ಈಗಲೇ ತಿಳಿಸಿರಿ.

ನವನಗರದ ನಿವೃತ್ತ ಶಿಕ್ಷಕಿ
ಪಟ್ಟಿಯಲ್ಲಿ ಏನೂ ಇಲ್ಲ, ಪುಂಡಿಯೇ ಇರಲಿ.

ಕೇಶ್ವಾಪುರದವ
ಎಲ್ಲ ಸರಿ, ನಸುಕಿನಲ್ಲಿ ಮೆಂತ್ಯೆ ಕೀಳುವವರಿಗೆ ಈ ಭಾನುವಾರ ಸಲಿಕೆ ಕೊಡುವವರು ಯಾರು?